ನಿಂಗಮ್ಮನ ಗನ್‌ಮ್ಯಾನ್

ಹೋದ ತಿಂಗಳು ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಲ್ಲಿ ಹಾಸನದ ಬಸ್ಸಿಗೆ ಕಾಯುತ್ತಾ ಕೂತಿದ್ದೆ. ಡ್ಯೂಟಿ ಇರಲಿಲ್ಲ. ರೇಷ್ಮೆ ಸೀರೆ ಉಟ್ಟು ಸೋದರತ್ತೆಯ ಮಗಳ ಸೀಮಂತ ಮುಗಿಸಿಕೊಂಡು ಬರುತ್ತಿದ್ದೆ. ವಯಸ್ಸಾದ ರೈತರೊಬ್ಬರು ಗೋಣಿತಾಟಿನ ಗಂಟೊಂದನ್ನು ನನ್ನ ಕಾಲ ಬಳಿ ಇಳಿಸಿ, ‘ವಸಿ ಅತ್ಲಾಗೆ ಜರುಗವ್ವ’ ಅಂದರು. ಗಂಟಿನಿಂದ ಹೊಗೆಸೊಪ್ಪಿನ ವಾಸನೆ ಎದ್ದಿತು. ಹಸಿ ಸೊಪ್ಪಿನದಲ್ಲ, ಗೂಡಿನ ಶಾಖದಲ್ಲಿ ಬೆಂದು ಹಳದಿಯಾದ ಸೊಪ್ಪಿನದು, ಬೆಲ್ಲದ ಪಾಕ ತಳ ಹತ್ತಿದಂಥ ಘಾಟು. ನನ್ನ ಬಲಗೈ ನನ್ನನ್ನು ಕೇಳದೆ ಸೊಂಟಕ್ಕೆ ಹೋಯಿತು. ಅಲ್ಲಿ ಪಿಸ್ತೂಲು ಇರಲಿಲ್ಲ. ಸೀಮಂತದ ಮನೆಯವರು ಕೊಟ್ಟ ಎಲೆ ಅಡಿಕೆ ಇತ್ತು. ನನಗೇ ನಗು ಬಂತು.

ಆ ವಾಸನೆ ಇದ್ದ ಕಡೆ ನಾನು ಒಂದು ಮಳೆಗಾಲ ಪೂರ್ತಿ ಕಳೆದಿದ್ದೇನೆ, ಕಾವೇರಿ ದಡದ ರಾಮನಾಥಪುರದ ನಿಂಗಮ್ಮನ ಬೆನ್ನ ಹಿಂದೆ. ಅವಳನ್ನು ಕೊಲ್ಲಲು ಜನ ಕಾಯುತ್ತಿದ್ದರು. ಕೋರ್ಟಿನಲ್ಲಿ ಸಾಕ್ಷಿ ಹೇಳುವ ದಿನದವರೆಗೆ ಅವಳನ್ನು ಜೀವಂತ ಇಡುವುದು ನನ್ನ ಕೆಲಸ. ನಾನು ಹಾಸನದಲ್ಲಿ ಮೀಸಲು ಪಡೆಯ ಪೇದೆ. ಊರು ಚನ್ನರಾಯಪಟ್ಟಣದ ಹತ್ತಿರ. ಅಪ್ಪ ಅಲ್ಲಿಯ ಮಂಡಿಯಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದರು. ಅಂಗರಕ್ಷಕಿ ಎಂದು ಪೇಪರಿನವರು ಬರೆಯುತ್ತಾರೆ, ನಮ್ಮಲ್ಲಿ ಹಾಗೆ ಯಾರೂ ಅನ್ನುವುದಿಲ್ಲ. ಗನ್‌ಮ್ಯಾನ್ ಅನ್ನುತ್ತಾರೆ, ಹೆಣ್ಣಾದರೂ ಗನ್‌ಮ್ಯಾನೇ. ರಾಮನಾಥಪುರದವರು ಮಾತ್ರ ಸ್ವಲ್ಪ ಯೋಚನೆ ಮಾಡಿ ‘ಗನ್‌ಮ್ಯಾನಮ್ಮ’ ಅಂತ ಹೆಸರಿಟ್ಟರು.

ನಿಂಗಮ್ಮ ಹೊಳೆಗೆ ಇಳಿಯುವ ದಾರಿಯಲ್ಲಿ ಇಡ್ಲಿ ಹೋಟೆಲ್ ಇಟ್ಟುಕೊಂಡಿದ್ದಳು. ವಯಸ್ಸು ಐವತ್ತು ದಾಟಿತ್ತು, ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಒಬ್ಬಳೇ ಮಗಳನ್ನು ಹೊಳೆನರಸೀಪುರಕ್ಕೆ ಕೊಟ್ಟಿದ್ದಳು. ನಾನು ಬರುವ ಹಿಂದಿನ ವರ್ಷ, ಬೇಸಿಗೆಯ ಒಂದು ಬೆಳಗಿನ ಜಾವ ಹಿತ್ತಲಲ್ಲಿ ಒಲೆ ಹಚ್ಚುತ್ತಿದ್ದಾಗ, ಹೊಳೆ ದಡದಲ್ಲಿ ಕಿರಣ ಎಂಬ ಹುಡುಗನನ್ನು ಮೂರು ಜನ ಕಬ್ಬಿಣದ ರಾಡಿನಿಂದ ಹೊಡೆದು ಹಾಕಿದ್ದನ್ನು ನೋಡಿದಳು. ಕಿರಣ ಅದೇ ಊರಿನವನು, ಟ್ರ್ಯಾಕ್ಟರ್ ಓಡಿಸುತ್ತಿದ್ದ. ಕಳ್ಳತನದಲ್ಲಿ ಮರಳು ತೆಗೆಯುವುದು ಎಲ್ಲಿ, ಯಾವ ಹೊತ್ತಿನಲ್ಲಿ ಎಂದು ಅಧಿಕಾರಿಗಳಿಗೆ ತಿಳಿಸಿದ್ದು ಅವನೇ ಎಂದು ದಂಧೆಯವರಿಗೆ ಗೊತ್ತಾಗಿತ್ತು. ಹೊಡೆದವರಲ್ಲಿ ಒಬ್ಬ ದಂಧೆ ನಡೆಸುವ ಸಾಹುಕಾರ. ಅವನ ಹೆಸರು ಇಲ್ಲಿ ಬೇಡ.

ದಡದಲ್ಲಿ ಆ ಹೊತ್ತಿಗೆ ಬೇರೆ ಜನವೂ ಇದ್ದರು. ಒಬ್ಬ ಬಟ್ಟೆ ಒಗೆಯುತ್ತಿದ್ದ, ಇಬ್ಬರು ಬಲೆ ಎಳೆಯುತ್ತಿದ್ದರು. ಮೊದಲು ನೋಡಿದೆವು ಅಂದವರೆಲ್ಲ ಒಬ್ಬೊಬ್ಬರಾಗಿ, ಕೋರ್ಟಿನಲ್ಲಿ ಕಟಕಟೆ ಹತ್ತಿ, ನಾವು ಏನನ್ನೂ ನೋಡಿಲ್ಲ ಅಂದರು. ಕೊನೆಗೆ ಕಿರಣನ ತಾಯಿ ಸಾಕಮ್ಮನೂ ‘ನಂಗೇನೂ ಗೊತ್ತಿಲ್ಲ ಸಾ, ನನ್ ಮಗುಂಗೆ ಯಾರ ಮೇಲೂ ದ್ವೇಸ ಇರ್ನಿಲ್ಲ’ ಅಂದುಬಿಟ್ಟಳು. ಅವಳಿಗೆ ಇನ್ನೊಬ್ಬ ಮಗನಿದ್ದ. ಆ ಮಗ ಬೈಕಿನಲ್ಲಿ ಹೋಗಿ ಬರುವ ದಾರಿ ನಮಗೆ ಗೊತ್ತು ಎಂದು ಅವಳಿಗೆ ಹೇಳಿ ಕಳಿಸಿದ್ದರು. ಉಳಿದದ್ದು ನಿಂಗಮ್ಮ ಒಬ್ಬಳು. ಅದಕ್ಕೇ ಕೋರ್ಟು ಅವಳಿಗೆ ಗನ್‌ಮ್ಯಾನ್ ಕೊಡಿ ಎಂದಿತು.

ಶ್ರಾವಣಕ್ಕೆ ಮುಂಚೆ, ಜಡಿಮಳೆಯಲ್ಲಿ, ಯೂನಿಫಾರ್ಮ್ ಇಲ್ಲದೆ ಸೀರೆಯಲ್ಲಿ, ನಾನು ಹೋಟೆಲ್ ಮುಂದೆ ಇಳಿದೆ. ನಿಂಗಮ್ಮ ನನ್ನನ್ನು ಮೇಲಿಂದ ಕೆಳಗೆ ನೋಡಿ, ಜೀಪು ತಂದಿದ್ದ ನಮ್ಮ ಪಡೆಯ ಹಿರಿಯ ಪೇದೆ ಬೋರೇಗೌಡರನ್ನು ಕೇಳಿದಳು, ‘ಗನ್‌ಮ್ಯಾನ್ ಎಲ್ಲಣ್ಣ?’

‘ಇವ್ಳೇ ಕಣವ್ವ. ಶೋಭ ಅಂತ.’

‘ಇವ್ಳಾ? ಇವ್ಳ್ನ ನಾನ್ ಕಾಯ್ಬೇಕಾ, ನನ್ನ ಇವ್ಳು ಕಾಯ್ತಾಳಾ?’

ಬೋರೇಗೌಡರು ನಕ್ಕು, ಎರಡು ಇಡ್ಲಿ ತಿಂದು, ಹೋದರು. ಆಮೇಲೆ ವಾರಕ್ಕೊಮ್ಮೆ ಬಂದು ನನಗೆ ರಜೆ ಕೊಟ್ಟು ತಾವು ನಿಲ್ಲುತ್ತಿದ್ದರು. ಉಳಿದ ದಿನವೆಲ್ಲ ನಾನೇ.

ಗನ್‌ಮ್ಯಾನ್ ಕೆಲಸ ಹೊರಗಿನಿಂದ ನೋಡಿದವರಿಗೆ ಸುಮ್ಮನೆ ನಿಲ್ಲುವ ಕೆಲಸದಂತೆ ಕಾಣುತ್ತದೆ. ನಿಜವಾಗಿ ಸುಮ್ಮನೆ ನಿಲ್ಲುವುದೇ, ಆದರೆ ಯಾವ ಹೊತ್ತಿನಲ್ಲೂ ಕೈ ಖಾಲಿ ಇಟ್ಟುಕೊಂಡು ನಿಲ್ಲಬೇಕು. ಬಂದವರ ಮುಖ ನೋಡಬೇಡಿ, ಕೈ ನೋಡಿ ಎಂದು ನಮಗೆ ಹೇಳಿಕೊಡುತ್ತಾರೆ. ಮುಖ ಸುಳ್ಳು ಹೇಳಬಹುದು, ಮಚ್ಚು ಹಿಡಿಯುವುದು ಕೈ. ಹೋಟೆಲ್ ಒಳಗೆ ಈ ಪಾಠ ನಡೆಯುವುದು ಬಹಳ ಕಷ್ಟ. ಬಂದವರ ಕೈಯಲ್ಲೆಲ್ಲ ಏನಾದರೂ ಇರುತ್ತದೆ: ಕುಡುಗೋಲು, ಗೊಬ್ಬರದ ಚೀಲ, ಕೊಡೆ. ಕುಡುಗೋಲು ಹಿಡಿದು ಬಂದವನನ್ನು ತಡೆದರೆ ರಾಮನಾಥಪುರದಲ್ಲಿ ಒಬ್ಬನೂ ಇಡ್ಲಿ ತಿನ್ನುವಂತಿಲ್ಲ. ಇದರ ಮೇಲೆ ನಿಂಗಮ್ಮ ನನ್ನ ಖಾಲಿ ಕೈ ಕಂಡರೆ ಸಹಿಸುತ್ತಿರಲಿಲ್ಲ. ‘ಈ ಚಟ್ನಿ ಪಾತ್ರೆ ಇಡ್ಕ’, ‘ಆ ಲೋಟ ಎತ್ತಿಕ್ಕು’ ಎಂದು ಏನಾದರೊಂದು ತುರುಕುತ್ತಿದ್ದಳು.

‘ಕೈಯಲ್ಲಿ ಏನೂ ಹಿಡಿಯೋ ಹಾಗಿಲ್ಲ ನಮಗೆ’ ಅಂದೆ.

‘ಗೌರ್ಮೆಂಟು ಸಂಬಳ ಕೊಡೋದು ಕೈ ಬೀಸ್ಕಂಡು ನಿಲ್ಲಾಕಾ? ಅದೃಷ್ಟವಂತೆ ಕಣೇ ನೀನು.’

ಮೊದಮೊದಲು ನಾನು ‘ನಿಂಗಮ್ಮನವರೇ’ ಎಂದು ಕರೆಯುತ್ತಿದ್ದೆ. ಒಂದು ವಾರ ಕೇಳಿದ ಮೇಲೆ, ‘ಅದೇನು ಎಲೆಕ್ಸನ್‌ಗೆ ನಿಂತವ್ರ್ನ ಕರ್ದಂಗೆ ಕರೀತೀಯ, ಅವ್ವ ಅನ್ನು’ ಎಂದು ಗದರಿದಳು. ಅವ್ವ ಅಂದ ದಿನದಿಂದ ಬೈಗುಳ ಹೆಚ್ಚಾಯಿತು, ಊಟದ ತಟ್ಟೆಗೆ ಬೀಳುವ ತುಪ್ಪವೂ ಹೆಚ್ಚಾಯಿತು.

ಆ ವರ್ಷ ಮಳೆ ಬಿಟ್ಟೂ ಬಿಡದೆ ಹಿಡಿದಿತ್ತು. ಕಾವೇರಿ ಕೆಂಪಗೆ ತುಂಬಿ ಸ್ನಾನಘಟ್ಟದ ಮೆಟ್ಟಿಲುಗಳನ್ನೆಲ್ಲ ನುಂಗಿದ್ದಳು. ಸೊಪ್ಪು ಕೊಯ್ಲಿನ ಕಾಲ. ಸುತ್ತಲಿನ ಊರುಗಳಲ್ಲಿ ಬ್ಯಾರನ್ನು, ಅಂದರೆ ಹೊಗೆಸೊಪ್ಪು ಬೇಯಿಸುವ ಎತ್ತರದ ಗೂಡುಮನೆ, ಹಗಲೂ ಉರಿಯುತ್ತಿತ್ತು. ಸೌದೆ ಹೊಗೆ ಮೇಲೇಳದೆ ಮಳೆಯಲ್ಲಿ ನೆಲಕ್ಕೇ ಅಂಟಿಕೊಂಡಿರುತ್ತಿತ್ತು. ನನ್ನ ಬಟ್ಟೆ, ತಲೆಗೂದಲು, ಪಿಸ್ತೂಲಿನ ಚರ್ಮದ ಚೀಲ ಎಲ್ಲದರಲ್ಲೂ ಅದೇ ವಾಸನೆ ಹೊಕ್ಕಿತ್ತು. ರಜೆಗೆ ಚನ್ನರಾಯಪಟ್ಟಣಕ್ಕೆ ಹೋದರೆ ನಮ್ಮಮ್ಮ, ‘ಎಲ್ಲೇ ಓಗಿದ್ದೆ, ಬೀಡಿ ಕಟ್ಟೋ ಮನೆಗಾ?’ ಎಂದು ಕೇಳುತ್ತಿದ್ದಳು.

ಮೊದಲು ಬಂದದ್ದು ಮಚ್ಚಲ್ಲ, ಒಳ್ಳೆಯ ಮಾತು. ಊರಿನ ಹಿರಿಯರು ಇಬ್ಬರು ಹೋಟೆಲಿಗೆ ಬಂದು ಕಾಫಿ ಕುಡಿದು, ‘ನಿಂಗವ್ವ, ಸತ್ತೋನು ಸತ್ತೋದ. ಎತ್ತವ್ಳೇ ಸುಮ್ಕವ್ಳೆ. ನಿಂದ್ಯಾಕೆ ನಡೂಕೆ?’ ಅಂದರು. ನಿಂಗಮ್ಮ ಲೋಟ ತೆಗೆದುಕೊಂಡು ಒಳಗೆ ಹೋದಳು. ಮಗಳು ಹೊಳೆನರಸೀಪುರದಿಂದ ಬಂದು ಅತ್ತು ಕರೆದು ಹೋದಳು. ಅದಕ್ಕೂ ಜಗ್ಗಲಿಲ್ಲ. ಒಂದು ಮಧ್ಯಾಹ್ನ ಗಿರಾಕಿ ಇಲ್ಲದಾಗ ನಾನೇ ಕೇಳಿದೆ, ‘ಅವ್ವ, ನಿಜ ಹೇಳು. ನಿಂಗ್ಯಾಕೆ ಇಷ್ಟು ಹಟ?’

ಅವಳು ಅಕ್ಕಿ ಆರಿಸುವುದನ್ನು ನಿಲ್ಲಿಸಲಿಲ್ಲ. ‘ಹಟ ಎಂತದೇ? ಆ ಸಾವ್ಕಾರ ನನ್ನ ಓಟ್ಲಲ್ಲಿ ದಿನಾ ಇಡ್ಲಿ ತಿಂತಿದ್ದ. ನಾಳೆ ಬಿಟ್ಟು ಬಂದ್ರೆ ತಿರುಗಾ ಬಂದು ಅದೇ ಬೆಂಚಲ್ಲಿ ಕೂತ್ಕತಾನೆ. ನಾನ್ ಬಡುಸ್ಬೇಕಲ್ಲ? ನಂಗಾಗಾಕಿಲ್ಲ.’

ಅಷ್ಟೇ. ನ್ಯಾಯ, ಧರ್ಮ ಎಂಬ ಮಾತು ಅವಳ ಬಾಯಲ್ಲಿ ಒಂದು ದಿನವೂ ನಾನು ಕೇಳಲಿಲ್ಲ.

ಒಳ್ಳೆಯ ಮಾತು ಮುಗಿದ ಮೇಲೆ ಟಿಪ್ಪರ್ ಬಂತು. ಅರಕಲಗೂಡಿನ ಸಂತೆಯಿಂದ ತರಕಾರಿ ತುಂಬಿಕೊಂಡು ಆಟೋದಲ್ಲಿ ಬರುತ್ತಿದ್ದೆವು. ಹಿಂದೆ ನಂಬರ್ ಪ್ಲೇಟ್ ಇಲ್ಲದ ಮರಳಿನ ಟಿಪ್ಪರ್ ಹತ್ತಿತ್ತು. ನಾವು ನಿಧಾನ ಮಾಡಿದರೆ ಅದೂ ನಿಧಾನ, ನಾವು ಜೋರು ಮಾಡಿದರೆ ಅದೂ ಜೋರು. ಟಿಪ್ಪರ್ ಮುಂದೆ ಆಟೋ ಎಂದರೆ ಬೆಂಕಿಪೊಟ್ಟಣ. ಗುದ್ದಿ ಹೋದರೆ ಅಪಘಾತ ಎಂದು ಬರೆದುಕೊಳ್ಳುತ್ತಾರೆ, ನನ್ನ ಪಿಸ್ತೂಲು ಅಲ್ಲಿ ಕೆಲಸಕ್ಕೆ ಬರುವುದಿಲ್ಲ. ತಿರುವಿನಾಚೆ ಒಂದು ಬ್ಯಾರನ್ ಕಾಣಿಸಿತು. ಅದರ ಚಪ್ಪರದ ಕೆಳಗೆ ಹೆಂಗಸರು ಸಾಲಾಗಿ ಕೂತು ಹಸಿ ಸೊಪ್ಪನ್ನು ಕಡ್ಡಿಗೆ ಕಟ್ಟುತ್ತಿದ್ದರು. ಆಟೋವನ್ನು ಬ್ಯಾರನ್ನಿನ ಹಿಂದಕ್ಕೆ ಹೊಡೆಸಿ, ನಿಂಗಮ್ಮನನ್ನು ಎಳೆದುಕೊಂಡು ಆ ಸಾಲಿನಲ್ಲಿ ಕೂರಿಸಿ, ಪಕ್ಕದಲ್ಲಿ ನಾನೂ ತಲೆಗೆ ಸೆರಗು ಹೊದ್ದು ಕೂತೆ.

ಹೆಂಗಸರು ಒಬ್ಬರೂ ಏನು ಎತ್ತ ಎಂದು ಕೇಳಲಿಲ್ಲ. ಒಬ್ಬಳು ಮಾತ್ರ ನಮ್ಮ ಮಡಿಲಿಗೆ ಒಂದೊಂದು ಹಿಡಿ ಸೊಪ್ಪು ಎಸೆದಳು. ಟಿಪ್ಪರ್ ಬಂದು ನಿಂತಿತು. ಒಬ್ಬ ಇಳಿದು ಚಪ್ಪರದ ಕಡೆ ನೋಡಿದ. ಸೊಪ್ಪು ಕಟ್ಟುವ ಕೈಗಳು, ಬಗ್ಗಿದ ತಲೆಗಳು, ಅಷ್ಟೇ ಕಂಡಿರಬೇಕು. ನಾನು ಮಡಿಲಿನ ಸೊಪ್ಪಿನ ಕೆಳಗೆ ಪಿಸ್ತೂಲು ಹಿಡಿದಿದ್ದೆ. ಸೊಪ್ಪಿನ ಹಾಲು ಅಂಟಾಗಿ ಬೆರಳುಗಳು ಒಂದಕ್ಕೊಂದು ಕಚ್ಚಿಕೊಂಡಿದ್ದವು. ಹೊಡೆಯಬೇಕಾಗಿ ಬಂದರೆ ಬೆರಳು ಬಿಡುತ್ತದೋ ಇಲ್ಲವೋ ಎಂದು ಭಯವಾಯಿತು. ಅವನು ಬೀಡಿ ಹಚ್ಚಿ, ಗಾಡಿ ಹತ್ತಿ, ಮುಂದೆ ಹೋದ. ಅವನು ಹೋದ ಮೇಲೂ ನಿಂಗಮ್ಮ ಏಳಲಿಲ್ಲ. ‘ಇಡ್ದ ಕಡ್ಡಿ ಅರ್ಧಕ್ಕೆ ಬಿಟ್ಟೋಗ್ಬಾರ್ದು’ ಎಂದು ಪೂರ್ತಿ ಕಟ್ಟಿ ಕೊಟ್ಟೇ ಎದ್ದಳು.

ಗೌರಿ ಹಬ್ಬ ಕಳೆದ ಮೇಲೆ ನಿಂಗಮ್ಮನ ತಾಯಿ ತೀರಿಕೊಂಡರು ಎಂದು ಸುದ್ದಿ ಬಂತು. ತೌರುಮನೆ ಹಾಸನದ ಈಚೆ, ಮೊಸಳೆ ಎಂಬ ಊರಿನ ಹತ್ತಿರದ ಒಂದು ಹಳ್ಳಿ. ಸಾಕ್ಷಿ ಹೇಳುವ ತಾರೀಕಿಗೆ ಇನ್ನು ಮೂರು ವಾರವೂ ಇರಲಿಲ್ಲ. ಹೋಗಬಾರದು ಎಂದು ನಾನು ಹೇಳಲಿಲ್ಲ. ಹೇಳುವ ಬಾಯಿ ನನಗಿರಲಿಲ್ಲ.

ನಮ್ಮ ಕೆಲಸಕ್ಕೆ ಸಾವಿನ ಮನೆಯಷ್ಟು ಕೆಟ್ಟ ಜಾಗ ಇನ್ನೊಂದಿಲ್ಲ. ಮದುವೆ ಮನೆಯ ಬಾಗಿಲಲ್ಲಾದರೂ ಯಾರ ಕಡೆಯವರು ಎಂದು ಕೇಳಬಹುದು. ಸಾವಿನ ಮನೆಗೆ ಯಾರು ಬೇಕಾದರೂ ಬರಬಹುದು, ಬಂದವರನ್ನು ಯಾರು ನೀವು ಎಂದು ಕೇಳುವಂತಿಲ್ಲ. ಹೊಲದಲ್ಲಿ ಮಣ್ಣು ಮಾಡಿದ ಮಾರನೇ ದಿನವೂ ಜನ ಬರುತ್ತಲೇ ಇದ್ದರು. ನಿಂಗಮ್ಮ ಜಗಲಿಯ ಕಂಬಕ್ಕೆ ಒರಗಿ ಕೂತಿದ್ದಳು. ನಾನು ಅವಳ ಹಿಂದೆ, ಅಳುವ ಹೆಂಗಸರ ನಡುವೆ ಇದ್ದೆ. ಮೂವತ್ತರ ಆಸುಪಾಸಿನ ಒಬ್ಬ ಬಂದ. ಬಿಳಿ ಶರ್ಟು, ಹೆಗಲ ಮೇಲೆ ಟವೆಲ್ಲು, ಖಾಲಿ ಕೈ. ನಿಂಗಮ್ಮನ ಎದುರಿಗೆ ಕುಕ್ಕರಗಾಲಲ್ಲಿ ಕೂತು ಬಹಳ ಮೆಲ್ಲಗೆ ಮಾತಾಡಿದ.

‘ಎಲ್ಲಿ ಮಣ್ಣು ಮಾಡಿದ್ರವ್ವ?’

‘ನಮ್ಮ ವಲದಲ್ಲೇ ಕಣಪ್ಪ, ಜ್ವಾಳದ ಬದೀಲಿ.’

‘ಆಲು ತುಪ್ಪ ನಾಳೇನಾ?’

‘ಊಂ. ಅತ್ತು ಗಂಟ್ಗೆ.’

‘ದೊಡ್ಡ ಜೀವ. ಏನ್ ಮಾಡದು.’ ಅವನು ಎದ್ದ. ಟವೆಲ್ಲಿನಿಂದ ಮುಖ ಒರೆಸಿಕೊಂಡು, ‘ಸರಿ ಕಣವ್ವ, ಬತ್ತೀನಿ’ ಅಂದು ಹೊರಟ.

ಅಳುತ್ತಿದ್ದ ಹೆಂಗಸರು ಅಳು ನಿಲ್ಲಿಸಿದರು. ನಮ್ಮ ಕಡೆ ಯಾರ ಮನೆಯಿಂದ ಹೊರಟರೂ ‘ಬತ್ತೀನಿ’ ಅನ್ನಬೇಕು. ‘ಹೋಗ್ತೀನಿ’ ಅಂದರೆ ಅಪಶಕುನ. ಸಾವಿನ ಮನೆಯಲ್ಲಿ ಮಾತ್ರ ಅದು ತಿರುಗುಮುರುಗು. ಅಲ್ಲಿ ಬಂದವರನ್ನು ಬನ್ನಿ ಅನ್ನುವುದಿಲ್ಲ, ಹೊರಡುವವರು ಬತ್ತೀನಿ ಅನ್ನುವುದಿಲ್ಲ, ಹೇಳದೆ ಕೇಳದೆ ಎದ್ದು ಹೋಗುತ್ತಾರೆ. ಬತ್ತೀನಿ ಅಂದರೆ ಇನ್ನೊಂದು ಸಾವಿಗೆ ಬರುತ್ತೇನೆ ಅಂದ ಹಾಗೆ. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಚಿಕ್ಕಂದಿನಲ್ಲೇ ಬಾಯಿಗೆ ಬಂದಿರುತ್ತದೆ. ‘ಅವ್ನ ಬಾಯ್ಗೆ ಮಣ್ಣಾಕ! ಇನ್ನೊಂದು ಎಣಕ್ಕೆ ಬತ್ತೀನಿ ಅಂತಾನಲ್ಲೇ!’ ಎಂದು ಒಬ್ಬ ಅಜ್ಜಿ ನೆಟಿಗೆ ಮುರಿದಳು.

ಅಜ್ಜಿಗೆ ಅದು ಅಪಶಕುನ. ನನಗೆ ಬೇರೆ ಅನ್ನಿಸಿತು. ಸಾವಿಗೆಂದೇ ಬಂದವನ ನಾಲಿಗೆ ಹಾಗೆ ಜಾರುವುದಿಲ್ಲ. ಇವನ ಮನಸ್ಸು ಸಾವಿನ ಮನೆಯಲ್ಲಿ ಇರಲೇ ಇಲ್ಲ, ನಾಳೆ ಬೆಳಿಗ್ಗೆಯಲ್ಲಿ ಇತ್ತು. ನಿಂಗಮ್ಮನ ತಮ್ಮ ಸಣ್ಣೇಗೌಡನನ್ನು ಹಿತ್ತಲಿಗೆ ಕರೆದು, ಆ ಬಿಳಿ ಶರ್ಟಿನವನು ಯಾರು ಎಂದು ಕೇಳಿದೆ.

‘ನಮ್ಮ ಬಾವನ ಕಡೆಯೋನು ಅನ್ಕಂಡೆ ಕಣಮ್ಮ.’

ನಿಂಗಮ್ಮನನ್ನು ಕೇಳಿದೆ. ‘ನಮ್ಮ ಸಣ್ಣನ ಜೊತೆಗಾರ ಇರ್ಬೇಕು ಅನ್ಕಂಡೆ ಕಣೇ’ ಅಂದಳು. ಹೇಳಿ ಮುಗಿಸುವ ಹೊತ್ತಿಗೆ ಅವಳಿಗೂ ಅರ್ಥವಾಗಿತ್ತು. ನನ್ನ ಮುಖ ನೋಡಿದಳು.

ಹಾಸನಕ್ಕೆ ಫೋನ್ ಮಾಡಿದೆ. ಸಂಜೆಯೊಳಗೆ ಬೋರೇಗೌಡರು ಮತ್ತು ಮಫ್ತಿಯಲ್ಲಿ ನಾಲ್ಕು ಜನ ಬಂದರು. ನಾಳೆ ಹೊಲಕ್ಕೆ ಬೇಡ, ಮನೆಯಲ್ಲೇ ಇರು ಎಂದು ನಿಂಗಮ್ಮನಿಗೆ ಹೇಳಿ ನೋಡಿದೆ. ‘ಎತ್ತವ್ವನ ಬಾಯ್ಗೆ ಆಲು ಬಿಡಾಕೂ ನಿನ್ನ ಪರ್ಮಿಸನ್ ಬೇಕೇನೇ?’ ಅಂದಳು. ನಿಜ ಹೇಳಬೇಕೆಂದರೆ ನಾನೂ ಜಾಸ್ತಿ ಒತ್ತಾಯ ಮಾಡಲಿಲ್ಲ. ಅವನು ನಾಳೆ ಬರುವುದು ಗೊತ್ತಿತ್ತು, ಎಲ್ಲಿಗೆ ಎಂದು ಗೊತ್ತಿತ್ತು, ಮುಖ ಗೊತ್ತಿತ್ತು. ನಾಳೆ ತಪ್ಪಿಸಿದರೆ ಇನ್ಯಾವತ್ತೋ, ಇನ್ನೆಲ್ಲೋ, ಇನ್ಯಾರೋ ಬರುತ್ತಾರೆ.

ಹಾಲು ತುಪ್ಪದ ಬೆಳಿಗ್ಗೆ, ಅಂದರೆ ಮೂರನೇ ದಿನ ಸಮಾಧಿಗೆ ಹಾಲು ಬಿಡುವ ಹೊತ್ತು, ಮೋಡವಿತ್ತು, ಮಳೆ ಇರಲಿಲ್ಲ. ಸಮಾಧಿಯ ಹಸಿ ಮಣ್ಣಿನ ಸುತ್ತ ನೆಂಟರು ನಿಂತಿದ್ದರು, ಒಬ್ಬೊಬ್ಬರ ಕೈಯಲ್ಲೂ ಹಾಲಿನ ಚೊಂಬು. ಪಕ್ಕದಲ್ಲೇ ಆಳೆತ್ತರ ಬೆಳೆದ ಮುಸುಕಿನ ಜೋಳ. ಮಫ್ತಿಯವರು ಇಬ್ಬರು ಜೋಳದ ಆಚೆ ಬದುವಿನಲ್ಲಿದ್ದರು, ಬೋರೇಗೌಡರು ಮತ್ತು ಉಳಿದವರು ನೆಂಟರ ನಡುವೆ. ನಿಂಗಮ್ಮ ಮಂಡಿಯೂರಿ ಹಾಲು ಬಿಡಲು ಬಗ್ಗಿದಳು. ನಾನು ಅವಳ ಬೆನ್ನಿಗೆ ಒಂದು ಮಾರು ದೂರದಲ್ಲಿ ನಿಂತು ಕೈಗಳನ್ನೇ ನೋಡುತ್ತಿದ್ದೆ. ಚೊಂಬು, ಚೊಂಬು, ತೆಂಗಿನಕಾಯಿ, ಚೊಂಬು. ಆಮೇಲೆ ಒಂದು ಎಡಗೈಯಲ್ಲಿ ಚೊಂಬು. ಬಲಗೈ ಟವೆಲ್ಲಿನ ಕೆಳಗೆ. ಎಡಗೈಯಲ್ಲಿ ಸತ್ತವರಿಗೆ ಹಾಲು ಬಿಡುವವರು ಯಾರಿದ್ದಾರೆ? ತಲೆ ಎತ್ತಿದೆ, ಅವನೇ. ಶರ್ಟು ಮಾತ್ರ ಬೇರೆ.

ಮುಂದಿನದು ಹೇಳುವುದಕ್ಕಿಂತ ಬೇಗ ನಡೆಯಿತು. ನಾನು ಕೂಗಿ ನಿಂಗಮ್ಮನನ್ನು ಸಮಾಧಿಯ ಮಣ್ಣಿನ ಮೇಲೆ ದಬ್ಬಿ ಅಡ್ಡ ಬಿದ್ದೆ. ಅವಳ ಕುತ್ತಿಗೆಗೆ ಬರಬೇಕಿದ್ದ ಮಚ್ಚು ನನ್ನ ಎಡ ಮುಂಗೈಗೆ ಬಿತ್ತು. ನೋವು ಗೊತ್ತಾಗಲಿಲ್ಲ, ಸೌದೆಯಿಂದ ಹೊಡೆದ ಹಾಗಾಯಿತು. ಎರಡನೇ ಸಲ ಅವನು ಕೈ ಎತ್ತುವಷ್ಟರಲ್ಲಿ ಬಿದ್ದಲ್ಲಿಂದಲೇ ಅವನ ತೊಡೆಗೆ ಗುಂಡು ಹೊಡೆದೆ. ಅವನು ಚೊಂಬಿನ ಸಮೇತ ಕೂತುಬಿಟ್ಟ. ಜೋಳದೊಳಗಿಂದ ಇನ್ನೊಬ್ಬ ಎದ್ದು ಓಡಿದ, ಬದುವಿನಲ್ಲಿದ್ದವರು ಅವನನ್ನು ಹಿಡಿದು ಹಾಕಿದರು. ನೆಂಟರು ಚೆಲ್ಲಾಪಿಲ್ಲಿಯಾಗಿದ್ದರು. ಬೋರೇಗೌಡರು ತಮ್ಮ ಟವೆಲ್ಲಿನಿಂದ ನನ್ನ ಕೈ ಬಿಗಿಯುತ್ತಿದ್ದರು.

ನಿಂಗಮ್ಮ ಮಣ್ಣಿನ ಮೇಲಿಂದ ಎದ್ದು ಕೂತಳು. ಮುಖ ತುಂಬ ಮಣ್ಣು. ‘ಆಲೆಲ್ಲ ಚೆಲ್ಲೋಯ್ತಲ್ಲೇ!’ ಅಂದಳು. ಆಮೇಲೆ ನನ್ನ ಕೈ ನೋಡಿದಳು. ಆಗ ಅತ್ತಳು. ತಾಯಿ ಸತ್ತಾಗಲೂ ಅವಳು ಹಾಗೆ ಬಾಯಿಬಿಟ್ಟು ಅತ್ತಿರಲಿಲ್ಲ. ಅಳುತ್ತಲೇ ಯಾರದೋ ಚೊಂಬು ಇಸಿದುಕೊಂಡು ಹಾಲು ಬಿಟ್ಟು ಮುಗಿಸಿದಳು.

ಹಾಸನದ ಆಸ್ಪತ್ರೆಯಲ್ಲಿ ಹೊಲಿಗೆ ಹಾಕಿದರು. ರಜೆ ತಗೋ ಅಂದರು, ತಗೊಂಡೆ. ಅಪ್ಪ ಕೈ ನೋಡಿ, ‘ಕಾಯಿ ಸುಲ್ಯೋ ಕಸುಬೇ ವಾಸಿ ಕಣವ್ವ, ಅಲ್ಲಿ ಕತ್ತಿ ನಮ್ಮ ಕೈಯಲ್ಲಿರ್ತದೆ’ ಅಂದರು. ಆದರೆ ಸಾಕ್ಷಿಯ ದಿನಕ್ಕೆ ನಾನು ಪಟ್ಟಿ ಕಟ್ಟಿದ ಕೈಯಲ್ಲೇ ರಾಮನಾಥಪುರಕ್ಕೆ ವಾಪಸ್ಸು ಹೋದೆ. ಬೇರೆಯವರನ್ನು ಹಾಕುತ್ತೇವೆ ಎಂದಿದ್ದರು ಸಾಹೇಬರು. ಬೇಡ ಸಾರ್ ಎಂದೆ. ಆ ಒಂದು ದಿನಕ್ಕಾಗಿಯೇ ಇಡೀ ಮಳೆಗಾಲ ನಿಂತಿದ್ದೆನಲ್ಲ.

ಹೊಗೆಸೊಪ್ಪಿನ ಹರಾಜು ಆಗಷ್ಟೇ ಶುರುವಾಗಿತ್ತು. ರಸ್ತೆ ತುಂಬ ಬೇಲು, ಅಂದರೆ ತಾಟಿನಲ್ಲಿ ಕಟ್ಟಿದ ಸೊಪ್ಪಿನ ಗಂಟು, ತುಂಬಿದ ಗಾಡಿಗಳು. ನಮ್ಮ ಜೀಪು ಬೆಳಿಗ್ಗೆ ಅರಕಲಗೂಡಿನ ದಾರಿಯಲ್ಲಿ ಎಲ್ಲರಿಗೂ ಕಾಣುವ ಹಾಗೆ ಹಾಸನಕ್ಕೆ ಹೊರಟಿತು, ಖಾಲಿ. ನಾನು, ನಿಂಗಮ್ಮ ಬೇಲುಗಳನ್ನು ಇಳಿಸಿ ಮರಳುತ್ತಿದ್ದ ಒಂದು ವ್ಯಾನಿನ ಹಿಂಭಾಗದಲ್ಲಿ, ತಾಟಿನ ಮೇಲೆ ಕೂತು, ಹೊಳೆನರಸೀಪುರ ಸುತ್ತಿಕೊಂಡು ಹೋದೆವು. ಉಳಿದಿದ್ದ ಸೊಪ್ಪಿನ ಪುಡಿಗೆ ದಾರಿಯುದ್ದಕ್ಕೂ ಇಬ್ಬರೂ ಸೀನಿದೆವು. ‘ಕಟಕಟೇಲಿ ನಿಂತು ಸೀನ್ಬುಟ್ರೆ ಜಡ್ಜು ಏನಂದ್ಕತಾರೋ’ ಎಂದು ಅವಳು, ಅವಳ ಸೀನು ನೋಡಿ ನಾನು, ಇಬ್ಬರೂ ನಕ್ಕೆವು. ಸಾಯಲು ಹೊರಟವರ ಹಾಗಿರಲಿಲ್ಲ, ಸಂತೆಗೆ ಹೊರಟವರ ಹಾಗಿದ್ದೆವು.

ಕಟಕಟೆಯಲ್ಲಿ ಅವಳು ಚೆನ್ನಾಗಿ ನಿಂತಳು. ಸತ್ಯವನ್ನೇ ಹೇಳುತ್ತೇನೆ ಎಂದು ಪ್ರಮಾಣ ಮಾಡಿದಳು, ಕಂಡದ್ದನ್ನು ಹೇಳಿದಳು, ಸಾಹುಕಾರನ ಕಡೆ ಬೆರಳು ತೋರಿಸಿದಳು. ಅವನ ವ್ಯಾಪಾರ, ಅವನ ಹಣ, ಅವನ ಟಿಪ್ಪರ್ ಯಾವುದೂ ಆ ಬೆರಳನ್ನು ಬಗ್ಗಿಸಲಿಲ್ಲ. ಅವನ ವಕೀಲರು ಬಹಳ ಹೊತ್ತು ಪ್ರಶ್ನೆ ಕೇಳಿದರು. ಮಬ್ಬಿನಲ್ಲಿ ಹೇಗೆ ಗುರುತು ಸಿಕ್ಕಿತು ಅಂದರು.

‘ದಿನಾ ಬಡುಸೋಳು ನಾನು ಸಾ. ಬೆನ್ನು ನೋಡಿದ್ರೂ ಗುರ್ತು ಇಡೀತೀನಿ.’

‘ನೀವು ಹತ್ತಿರ ಹೋದಾಗ ಗಾಯಾಳು ಏನಾದರೂ ಹೇಳಿದನೇ?’

ಅದು ಎಳೆದು ಬೀಳಿಸುವ ಪ್ರಶ್ನೆ ಎಂದು ನನಗೂ ತಿಳಿಯಿತು. ಅವನು ಹೆಸರು ಹೇಳಿದ, ಕೈ ತೋರಿಸಿದ ಎಂದು ಅವಳು ಸ್ವಲ್ಪ ಸೇರಿಸಿದರೆ ಸಾಕು, ಏಟಿಗೇ ಜೀವ ಹೋಯಿತು ಎಂಬ ಡಾಕ್ಟರ ವರದಿ ತೋರಿಸಿ ವಕೀಲರು ಅವಳ ಸಾಕ್ಷಿಯೆಲ್ಲ ಸುಳ್ಳು ಎಂದು ಸಾಧಿಸಬಹುದು. ನಿಂಗಮ್ಮ ಸೇರಿಸಲಿಲ್ಲ.

‘ಏನೂ ಅನ್ಲಿಲ್ಲ ಸಾ. ಚೊಂಬಲ್ಲಿ ನೀರು ತಗಂಡು ಓಡ್ದೆ. ನಾ ಓಗೋ ಒತ್ಗೆ ಉಸ್ರು ಇರ್ನಿಲ್ಲ. ಬಾಯ್ಗೆ ನೀರು ಬಿಟ್ಟೆ, ಒಳೀಕ್ ಇಳೀನಿಲ್ಲ. ಕೆನ್ನೆ ಮೇಲೆ ಅರ್ದೋಯ್ತು.’

ವಕೀಲರು ಇಷ್ಟೇ ಸ್ವಾಮಿ ಎಂದು ಕೂತರು. ಆ ಸಾಕ್ಷಿಯ ಮೇಲೆಯೇ ಮುಂದೆ ಸಾಹುಕಾರನಿಗೂ ಅವನ ಜೊತೆ ಹೊಡೆದ ಇಬ್ಬರಿಗೂ ಶಿಕ್ಷೆಯಾಯಿತು. ನಿಂಗಮ್ಮನಿಗೆ ಗನ್‌ಮ್ಯಾನ್ ಬೇಡವಾಯಿತು. ನನ್ನನ್ನು ಒಬ್ಬ ಮುಖಂಡರ ಹೆಂಡತಿಯ ಜೊತೆಗೆ ಹಾಕಿದರು. ಆಕೆ ತಮ್ಮ ವ್ಯಾನಿಟಿ ಬ್ಯಾಗು ನನ್ನ ಕೈಗೆ ಕೊಡುತ್ತಿದ್ದರು, ನಾನು ಮಾತಾಡದೆ ಹಿಡಿದುಕೊಳ್ಳುತ್ತಿದ್ದೆ. ಅದೆಲ್ಲ ಆಮೇಲಿನ ಮಾತು.

ಅವತ್ತು ಸಾಕ್ಷಿ ಮುಗಿಸಿ ಹೊರಗೆ ಬಂದಾಗ ಬಿಸಿಲು ಬಿದ್ದಿತ್ತು. ಕೋರ್ಟಿನ ಆವರಣದ ಹೊಂಗೆ ಮರದ ಕೆಳಗಿಂದ ಒಬ್ಬ ಹೆಂಗಸು ಎದ್ದು ನಮ್ಮ ಕಡೆ ಬಂದಳು. ನಾನು ನಡುವೆ ಹೋದೆ, ಕೈ ನೋಡಿದೆ. ಖಾಲಿ. ನಿಂಗಮ್ಮ ನನ್ನ ಭುಜ ಮುಟ್ಟಿ, ‘ಬುಡೇ, ಸಾಕವ್ವ ಕಣೇ’ ಅಂದಳು. ಕಿರಣನ ತಾಯಿ. ಯಾರಿಗೂ ಹೇಳದೆ ಒಬ್ಬಳೇ ಬಸ್ಸು ಹತ್ತಿ ಬಂದಿದ್ದಳು. ಒಳಗೆ ಬರುವ ಧೈರ್ಯವಾಗದೆ ಬೆಳಿಗ್ಗೆಯಿಂದ ಮರದ ಕೆಳಗೇ ಕೂತಿದ್ದಳಂತೆ. ಒಳಗೆ ಏನು ನಡೆಯಿತು, ಯಾರು ಏನಂದರು ಎಂದು ಅವಳು ಕೇಳಲಿಲ್ಲ. ನಿಂಗಮ್ಮನ ಎರಡೂ ಕೈ ಹಿಡಿದುಕೊಂಡಳು.

‘ನಿಂಗಕ್ಕ, ಬೈಬ್ಯಾಡ. ಒಂದೇ ಒಂದು ಕೇಳ್ತೀನಿ. ಯಾರ್ನೂ ಕೇಳಾಕಾಗ್ದೆ ಇಟ್ಕಂಡಿವ್ನಿ. ನನ್ನ ಮಗ ನೀರು ಕುಡ್ದ್ನಾ?’

ಬಾಯಿಗೆ ನೀರು ಬೀಳದೆ ಹೋದ ಜೀವ ಬಾಯಾರಿಕೆಯಲ್ಲೇ ಅಲೆಯುತ್ತದೆ ಎಂದು ನಮ್ಮಲ್ಲಿ ಎಲ್ಲ ತಾಯಂದಿರೂ ನಂಬುತ್ತಾರೆ. ನಾನು ನಿಂಗಮ್ಮನನ್ನು ನೋಡಿದೆ. ಊರಿನ ಹಿರಿಯರಿಗೆ, ಹೆತ್ತ ಮಗಳ ಕಣ್ಣೀರಿಗೆ, ಟಿಪ್ಪರ್‌ಗೆ, ಮಚ್ಚಿಗೆ, ವಕೀಲರಿಗೆ, ಯಾರಿಗೂ ಒಂದಕ್ಷರ ಬದಲಿಸದ ಹೆಂಗಸು ಅವಳು.

‘ಕುಡ್ದ ಕಣವ್ವ’ ಅಂದಳು. ‘ತಲೆ ನನ್ನ ತೊಡೆ ಮೇಲಿಕ್ಕಂಡು ಬಿಟ್ಟೆ. ಎಲ್ಡು ಗುಟುಕು ಕುಡ್ದ. ಕಣ್ಬಿಟ್ಟು ನೋಡ್ದ. ಆಮೇಲೇ ಓಗಿದ್ದು.’

ಸಾಕಮ್ಮ ಅಲ್ಲೇ ನೆಲದ ಮೇಲೆ ಕೂತು ನಿಂಗಮ್ಮನ ಕೈಗಳನ್ನು ಹಣೆಗೆ ಒತ್ತಿಕೊಂಡಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, ಎದ್ದು, ಗೇಟಿನ ಕಡೆ ನಡೆದು ಹೋದಳು. ಬಂದಾಗ ಇದ್ದದ್ದಕ್ಕಿಂತ ನೆಟ್ಟಗೆ ನಡೆಯುತ್ತಿದ್ದಳು.

ನಾನು ಜೀಪಿನ ಬಾಗಿಲು ತೆಗೆದೆ. ನಿಂಗಮ್ಮ ಹತ್ತಿ ಕೂತಳು. ನನ್ನ ಮುಖ ನೋಡದೆ ಕೇಳಿದಳು, ‘ನಿಂಗೇನೇ ಕೇಳುಸ್ತು?’

‘ನೀರು ಕುಡಿದ ಅಂದಿದ್ದು ಕೇಳಿಸ್ತವ್ವ’ ಅಂದೆ.